ಕೊಳಗದ ಅಂಚು

ಗೇಣಿ ಅಳೆಯುವ ದಿನ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಿಂದಿನ ಸಂಜೆಯೇ ಅವ್ವ ಕಣಕ್ಕೆ ಸಗಣಿ ಬಳಿದಿರುತ್ತಿದ್ದಳು. ಬೆಳಿಗ್ಗೆ ಭತ್ತದ ರಾಶಿಯ ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು ಗರಿಕೆ ಸಿಕ್ಕಿಸುತ್ತಿದ್ದರು. ಧಣಿಗಳ ಮನೆಯ ಆಳು ಹೆಗಲ ಮೇಲೆ ಕೊಳಗ ಹೊತ್ತು ಬರುತ್ತಿದ್ದ. ಅಳೆಯುವಾಗ ಒಂದು ಅನ್ನುವ ಹಾಗಿರಲಿಲ್ಲ, ‘ಲಾಭ’ ಅನ್ನಬೇಕಿತ್ತು. ಲಾಭ, ಎರಡು, ಮೂರು ಎಂದು ಅವನು ರಾಗವಾಗಿ ಎಣಿಸುತ್ತಿದ್ದರೆ ಹೊಸ ಭತ್ತದ ಧೂಳು ಮೂಗಿಗೆ ಹತ್ತಿ ಸೀನು ಬರುತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನಮ್ಮದು 12 ಖಂಡುಗದ ಗೇಣಿ. ಅಳೆದು ಮುಗಿದ ಮೇಲೆ ಅಪ್ಪ ಉಳಿದ ರಾಶಿಯ ಸುತ್ತ ಒಂದು ಸಲ ನಡೆದು ಬರುತ್ತಿದ್ದ. ಯಾಕೆ ಹಾಗೆ ನಡೆಯುತ್ತಿದ್ದ ಎಂದು ನಾನು ಕೇಳಲೇ ಇಲ್ಲ.

ಮೋಸವಿದ್ದದ್ದು ಎಣಿಕೆಯಲ್ಲಲ್ಲ, ಕೊಳಗದಲ್ಲಿ. ಮೂರು ಸೇರಿನದು ಎಂದು ಹೆಸರು. ನಮ್ಮ ಕಣಕ್ಕೆ ಬರುತ್ತಿದ್ದದ್ದು ಮೂರೂವರೆಗೂ ಜಗ್ಗುತ್ತಿರಲಿಲ್ಲ. ಅರ್ಧ ಸೇರು ಎಷ್ಟು ಮಹಾ ಅನ್ನಿಸೀತು. 12 ಖಂಡುಗಕ್ಕೆ 240 ಕೊಳಗ, ಅಂದರೆ 120 ಸೇರು. ಸರಿಯಾದ ಕೊಳಗದಲ್ಲಿ ಅಳೆದರೆ ಎರಡು ಖಂಡುಗ ಭತ್ತ, ನಮ್ಮ ಮಳೆಗಾಲದ ಗಂಜಿ. ಈ ಲೆಕ್ಕವನ್ನು ನಾನು ಮಾಡಿದ್ದು ಬಹಳ ವರ್ಷಗಳ ಮೇಲೆ. ಅಜ್ಜಿಗೆ ಲೆಕ್ಕ ಬರುತ್ತಿರಲಿಲ್ಲ, ಆದರೆ ಆಷಾಢದಲ್ಲಿ ಪಣತದ ತಳ ಕಂಡಾಗ ಅವಳು, ‘ಕೊಳಗ ಉಂಡುಬಿಡ್ತು’ ಅನ್ನುತ್ತಿದ್ದಳು. ಕೊಳಗಕ್ಕೂ ಹೊಟ್ಟೆ ಇದೆ ಎಂದು ನಾನು ನಿಜವಾಗಿ ನಂಬಿದ್ದೆ.

1951ರ ಏಪ್ರಿಲ್ 18ರಂದು ಕಾಗೋಡಿನ ಗೇಣಿದಾರರು, ಇದೇ ಕೊಳಗದ ತಕರಾರಿನಲ್ಲಿ ತಮ್ಮನ್ನು ಬಿಡಿಸಿದ್ದ ಗದ್ದೆಗೆ ನೇಗಿಲು ಹೊತ್ತು ಇಳಿದರು. ನಮ್ಮೂರಿನಿಂದ ಕಾಗೋಡಿಗೆ ಕಾಲುದಾರಿಯಲ್ಲಿ ಅರ್ಧ ದಿನದ ಹಾದಿ. ನನಗೆ ಆಗ ಎಂಟು ವರ್ಷ. ಗಣಪತಿಯಪ್ಪನವರು ರೈತರನ್ನು ಕಟ್ಟಿದ್ದಾರಂತೆ, ದಿನಕ್ಕೊಂದು ತಂಡ ಗದ್ದೆಗೆ ಇಳಿಯುತ್ತಂತೆ, ಪೊಲೀಸರು ಹಿಡಿದು ಹಾಕುತ್ತಾರಂತೆ ಎಂಬ ಸುದ್ದಿ ಸಂತೆಯಿಂದ ಸಂತೆಗೆ ಬರುತ್ತಿತ್ತು. ಮಳೆ ಹಿಡಿಯುವ ಹೊತ್ತಿಗೆ ದಿಲ್ಲಿ ಕಡೆಯ ದೊಡ್ಡ ನಾಯಕರೊಬ್ಬರು ಬಂದರು, ಅವರನ್ನೂ ಬಂಧಿಸಿದರು ಎಂದಾಗ ಊರಿಗೆ ಊರೇ ಬೆರಗಾಯಿತು. ಅವರು ರಾಮಮನೋಹರ ಲೋಹಿಯಾ. ಕೊಳಗದ ಅರ್ಧ ಸೇರಿಗಾಗಿ ಅಷ್ಟು ದೂರದಿಂದ ಒಬ್ಬರು ಬರುತ್ತಾರೆ ಎಂದರೆ ಅಪ್ಪ ನಂಬಲಿಲ್ಲ. ಗೊರಬು ಹೊದ್ದು ಸಾಗರಕ್ಕೆ ಹೋಗಿ ಬಂದವರು ಹೇಳಿದ ಮೇಲೇ ನಂಬಿದ್ದು.

ಮರುವರ್ಷ ಮೊದಲ ಚುನಾವಣೆ. ಸಾಗರ-ಹೊಸನಗರಕ್ಕೆ ಸಮಾಜವಾದಿ ಪಕ್ಷದಿಂದ ನಿಂತವರು ಶಾಂತವೇರಿ ಗೋಪಾಲಗೌಡರು. ತೀರ್ಥಹಳ್ಳಿ ತಾಲೂಕಿನ ಆರಗದವರು, ಮೂವತ್ತು ತುಂಬಿರಲಿಲ್ಲ. ಓದುವ ವಯಸ್ಸಿನಲ್ಲೇ 1942ರ ಚಳವಳಿಯಲ್ಲಿ ಜೈಲು ನೋಡಿದ್ದರು. ಕೈಯಲ್ಲಿ ಕಾಸಿಲ್ಲ. ಒಂದು ವೋಟು, ಒಂದು ನೋಟು ಎಂದು ಕೇಳಿಕೊಂಡು ಬಂದರು. ಅಜ್ಜಿಯ ಹತ್ತಿರ ನೋಟೆಲ್ಲಿಂದ ಬರಬೇಕು? ಎಲೆಯಡಿಕೆ ಸಂಚಿಯ ಒಳಪದರದಿಂದ ಸುಣ್ಣ ಮೆತ್ತಿದ ಎಂಟಾಣೆ ತೆಗೆದು ಕೊಟ್ಟಳು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು. ಸಮಾಜವಾದಿಗಳದ್ದು ಮರ. ಚೀಟಿ ಹಾಕಿದ ಮೇಲೆ ಅವಳು ಮರದ ಪೆಟ್ಟಿಗೆಗೆ ಕೈ ಮುಗಿದು ಬಂದಳಂತೆ. ನಾವು ಮಕ್ಕಳು ಅದನ್ನು ಹೇಳಿಕೊಂಡು ತಿಂಗಳುಗಟ್ಟಲೆ ನಗುತ್ತಿದ್ದೆವು. ಗೌಡರು ಗೆದ್ದರು.

ಗೆದ್ದು ಹೋಗಿ ಅವರು ಕೂತದ್ದು ವಿರೋಧ ಪಕ್ಷದ ಬೆಂಚಿನಲ್ಲಿ. ವಿಧಾನಸೌಧಕ್ಕೆ ಇನ್ನೂ ಕಲ್ಲು ಕೆತ್ತುತ್ತಿದ್ದ ಕಾಲ. ಸಭೆಯಲ್ಲಿ ಸಮಾಜವಾದಿಗಳು ಬೆರಳೆಣಿಕೆಯ ಮಂದಿ. ಕೈ ಎತ್ತಿಸಿ ಎಣಿಸಿದರೆ ಪ್ರತಿ ಸಲವೂ ಸೋಲು. ಹಾಗಿದ್ದೂ ಗೇಣಿ, ಉಳುವವನ ಹಕ್ಕು, ಕಚೇರಿಯಲ್ಲಿ ಕನ್ನಡ, ನಾಡಿಗೆ ಕರ್ನಾಟಕವೆಂಬ ಹೆಸರು, ಇವನ್ನೇ ಅವರು ಎದ್ದೆದ್ದು ಕೇಳಿದರು, ಕನ್ನಡದಲ್ಲೇ ಕೇಳಿದರು. ಇಂಗ್ಲಿಷು ಬಲ್ಲವರೇ ಆಳುತ್ತಿದ್ದ ಆ ಕಾಲದಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ನಮ್ಮಪ್ಪನಿಗೆ ಬರುತ್ತಿದ್ದ ನೋಟೀಸು ಇಂಗ್ಲಿಷಿನಲ್ಲಿರುತ್ತಿತ್ತು. ಅದನ್ನು ಓದಿಸಲು ಶಾನುಭೋಗರ ಜಗಲಿಯಲ್ಲಿ ಅರ್ಧ ದಿನ ಕಾಯಬೇಕು, ಹೋಗುವಾಗ ಒಂದು ಗೊನೆ ಬಾಳೆಕಾಯಿ ಹೊರಬೇಕು. ನಮ್ಮ ಮನೆಗೆ ಕನ್ನಡದ ಆಡಳಿತ ಎಂದರೆ ಒಂದು ಬಾಳೆಗೊನೆ ಉಳಿಯುವುದು.

ಗೌಡರನ್ನು ನಾನು ಹತ್ತಿರದಿಂದ ಕಂಡದ್ದು ಸಾಗರದ ಒಂದು ಸಭೆಯಲ್ಲಿ. ಖಾದಿ ಜುಬ್ಬ, ಸಣಕಲು ಮೈ. ಗ್ಯಾಸ್‌ಲೈಟಿನ ಸುಯ್ ಎನ್ನುವ ಸದ್ದು, ಸೀಮೆಎಣ್ಣೆಯ ವಾಸನೆ, ಒದ್ದೆ ಕಂಬಳಿಗಳ ವಾಸನೆ. ಏನು ಮಾತಾಡಿದರು ಎಂಬುದು ನೆನಪಿಲ್ಲ. ಅಪ್ಪ ಒಂದೂವರೆ ತಾಸು ನಿಂತೇ ಕೇಳಿದ್ದು ಮಾತ್ರ ನೆನಪಿದೆ. ಕೂರಲು ಜಾಗವಿತ್ತು, ಅವನು ಕೂರಲಿಲ್ಲ. 1957ರಲ್ಲಿ ಗೌಡರು ಸೋತರು. 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು, 1967ರಲ್ಲಿ ಇನ್ನೊಮ್ಮೆ. ಅಷ್ಟರಲ್ಲಿ ನಯಾಪೈಸೆ ಬಂದಿತ್ತು, ಸೇರು ಹೋಗಿ ಲೀಟರು, ಕಿಲೋ ಬರತೊಡಗಿದ್ದವು. ಧಣಿಗಳ ಕೊಳಗ ಮಾತ್ರ ಹಳೆಯದೇ.

1963ರಲ್ಲಿ ನಾನು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದೆ. ಆ ವರ್ಷವೇ ಫರೂಕಾಬಾದಿನ ಉಪಚುನಾವಣೆಯಲ್ಲಿ ಗೆದ್ದು ಲೋಹಿಯಾ ಲೋಕಸಭೆಗೆ ಬಂದಿದ್ದರು. ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ತಂದರು. ಲೋಕಸಭೆ ಕಂಡ ಮೊದಲ ಅವಿಶ್ವಾಸ ಅದು. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದು ಲೋಹಿಯಾ ಅಲ್ಲಿ ಹೇಳಿದರು. ಸರ್ಕಾರ ಹದಿನೈದಾಣೆ ಎಂದಿತು. ನಮ್ಮ ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಇದೇ ಜಗಳ. ಮೂರಾಣೆ ಎಂದರೆ ಹೊಸ ಲೆಕ್ಕದಲ್ಲಿ 19 ಪೈಸೆ. ನಾವು ಹೋಗುತ್ತಿದ್ದ ಹೋಟೆಲಿನಲ್ಲಿ ಅಷ್ಟಕ್ಕೆ ಒಂದು ಸಾದಾ ದೋಸೆ ಬರುತ್ತಿತ್ತು, ಕಾಫಿ ಬರುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದವನು ಬಹಳ ಉತ್ಸಾಹದಿಂದ ನೋಟ್‌ಪುಸ್ತಕ ತೆಗೆದು ಮನೆಯ ಲೆಕ್ಕ ಬರೆಯಲು ಕೂತೆ. ಗೇಣಿ ಕಳೆದು ಉಳಿದ ಭತ್ತಕ್ಕೆ ಬೆಲೆ ಕಟ್ಟಿದೆ. ಉಪ್ಪು, ಒಣಮೀನು, ಸೀಮೆಎಣ್ಣೆ, ವರ್ಷಕ್ಕೆರಡು ಸೀರೆ, ಅಪ್ಪನ ಹೊಗೆಸೊಪ್ಪು, ಹಿತ್ತಲ ಬಸಳೆ, ಕೆಸುವಿನ ಸೊಪ್ಪು, ಒಂದನ್ನೂ ಬಿಡಲಿಲ್ಲ. ವರ್ಷಕ್ಕೆ 450 ರೂಪಾಯಿ ಬಂತು. ಏಳು ಜನರಿಗೆ ಹಂಚಿದರೆ ದಿನಕ್ಕೆ ತಲೆಗೆ ಮೂರಾಣೆಗೂ ಕಡಿಮೆ. ಲೋಹಿಯಾ ಗೆದ್ದರು ಎಂದು ಕೂಗಿಕೊಂಡು ಒಲೆಯ ಹತ್ತಿರ ಓಡಿದೆ. ಅಪ್ಪನ ಮುಖ ಕಪ್ಪಿಟ್ಟಿತು. ‘ಉಂಡ ಅನ್ನಕ್ಕೆ ಲೆಕ್ಕ ಬರೀತಾರೇನೋ’ ಎಂದು ಎದ್ದು ಹೋದ. ಅವ್ವ ಆ ರಾತ್ರಿ ನನ್ನ ತಟ್ಟೆಗೆ ಎರಡು ಸೌಟು ಹೆಚ್ಚಿಗೆ ಬಡಿಸಿದಳು. ದಿಲ್ಲಿಯ ಲೆಕ್ಕ ಸರಿಯಿತ್ತು ಎಂಬ ನನ್ನ ಸಂತೋಷ ನಮ್ಮ ಮನೆಯವರಿಗೆ ಯಾಕೆ ನೋವಾಯಿತು ಎಂದು ಇಪ್ಪತ್ತರ ಹುಡುಗನಿಗೆ ತಿಳಿಯಲಿಲ್ಲ. ನನಗೇ ಮಕ್ಕಳಾದ ಮೇಲೆ ತಿಳಿಯಿತು.

1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಜೆ.ಎಚ್. ಪಟೇಲರು ಸಂಯುಕ್ತ ಸಮಾಜವಾದಿ ಪಕ್ಷದವರು. ಅವರು ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಲೋಕಸಭೆಯಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು, ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರು ಅವಕಾಶ ಕೊಟ್ಟರು. ನಾನು ಆಗ ಮೇಷ್ಟರಾಗಿದ್ದೆ. ಶಾಲೆಯ ಎದುರಿನ ಅಂಗಡಿಯಲ್ಲಿ ಒಂದು ಮರ್ಫಿ ರೇಡಿಯೊ ಇತ್ತು. ಅದಕ್ಕೆ ವರ್ಷಕ್ಕೆ 15 ರೂಪಾಯಿ ಲೈಸೆನ್ಸು, ಅಂಚೆ ಕಚೇರಿಯಲ್ಲಿ ಕಟ್ಟಬೇಕು. ಅಂಗಡಿಯ ಮುಂದೆ ಸುದ್ದಿ ಚರ್ಚೆಯಾಗುತ್ತಿದ್ದಾಗ ಅಡಿಕೆ ಸುಲಿಯಲು ಬಂದ ಮುದುಕನೊಬ್ಬ, ‘ನಮ್ಮ ಮಾತು ಅಲ್ಲಿ ಯಾರಿಗೆ ತಿಳೀತು?’ ಎಂದು ಕೇಳಿದ. ನಾನು ನಾಡು, ನುಡಿ, ಅಭಿಮಾನ ಎಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಲಿಲ್ಲ. ಇವತ್ತು ಲೋಕಸಭೆಯಲ್ಲಿ ಕನ್ನಡದ ಮಾತಿಗೆ ಅನುವಾದದ ಏರ್ಪಾಡಿದೆ. ಮುದುಕನ ಪ್ರಶ್ನೆಗೆ ಅದೇ ಉತ್ತರ. ಬರಲು ಅಷ್ಟು ಕಾಲ ಹಿಡಿಯಿತು.

ಆಗದೇ ಉಳಿದದ್ದನ್ನೂ ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ಹಬ್ಬಿದಾಗ ನನ್ನ ಸೋದರತ್ತೆಯ ಮನೆ, ಒರಳುಕಲ್ಲು, ಬಚ್ಚಲ ಹಂಡೆಯ ಒಲೆ, ಎಲ್ಲ ನೀರಡಿಗೆ ಹೋಯಿತು. ಅವರನ್ನು ಲಾರಿಯಲ್ಲಿ ತಂದು ಬೇರೆ ಕಾಡಿನಂಚಿನಲ್ಲಿ ಇಳಿಸಿದರು. ಅವರ ನೀರಿನಿಂದ ಆದ ಕರೆಂಟು ದೂರದೂರುಗಳ ಬೀದಿ ಬೆಳಗಿತು. ಅತ್ತೆ ಸಾಯುವವರೆಗೂ ಬುಡ್ಡಿದೀಪದಲ್ಲೇ ಉಂಡಳು. ಮುಳುಗಡೆಯವರ ಭೂಮಿಯ ಹಕ್ಕನ್ನು ವಿಧಾನಸಭೆಯಲ್ಲಿ ಇವತ್ತಿಗೂ ಯಾರಾದರೊಬ್ಬರು ಎದ್ದು ಕೇಳುತ್ತಲೇ ಇದ್ದಾರೆ. ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾದು ಕಾದು ಎರಡು ತಲೆಮಾರು ಕಳೆದ ಮೇಲೆ 2025ರ ಜುಲೈನಲ್ಲಿ ಸೇತುವೆಯಾಯಿತು. ಹೋಗಿ ನೋಡಿದೆ. ಕಾರು ಕೆಲವೇ ನಿಮಿಷದಲ್ಲಿ ದಾಟಿತು. ಅತ್ತೆಯ ಊರು ಕೆಳಗೆ ಎಲ್ಲಿದ್ದೀತು ಎಂದು ಗುರುತಿಸುವಷ್ಟರಲ್ಲಿ ಆಚೆ ದಡ ಬಂದಿತ್ತು.

ಗೋಪಾಲಗೌಡರು 1972ರ ಜೂನ್ 9ರಂದು ತೀರಿಕೊಂಡರು. ಐವತ್ತು ಆಗಿರಲಿಲ್ಲ. ಮರುವರ್ಷ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ಹೋಯಿತು. ಎರಡನ್ನೂ ಮಾಡಿದ್ದು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರ. ಗೌಡರು ಜೀವಮಾನವಿಡೀ ಎದುರು ಕೂತದ್ದು ಆ ಪಕ್ಷಕ್ಕೇ. ಅರಸರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಆ ಕಾನೂನನ್ನು ಊರೂರಿಗೆ ಮುಟ್ಟಿಸುವುದಕ್ಕೆ ದೊಡ್ಡ ಗಟ್ಟಿತನ ಬೇಕಿತ್ತು. ಆದರೆ ಆ ಮಾತು ಎಂದಾದರೂ ಕಾನೂನಾದೀತು ಎಂಬ ನಂಬಿಕೆಯನ್ನು ನಮ್ಮ ಕಡೆಯ ಗೇಣಿದಾರರಿಗೆ ಇಪ್ಪತ್ತು ವರ್ಷ ಮೊದಲೇ ಕೊಟ್ಟವರು ಪ್ರತಿ ಮತದಲ್ಲೂ ಸೋಲುತ್ತಿದ್ದ ಆ ಬೆಂಚಿನವರು.

ಗೇಣಿ ಗದ್ದೆಯ ಹಕ್ಕು ಕೇಳುವ ಅಪ್ಪನ ಅರ್ಜಿ, ಫಾರಂ 7, ತುಂಬಿದವನು ನಾನೇ. ಭೂ ನ್ಯಾಯಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು, ಜತೆಗೆ ನಾಲ್ವರು ಸದಸ್ಯರು, ಅವರಲ್ಲೊಬ್ಬರು ಪರಿಶಿಷ್ಟರು. ವಕೀಲರು ಬರುವಂತಿರಲಿಲ್ಲ, ಅಪ್ಪನೇ ಮಾತಾಡಬೇಕು. ಮೂರು ದಿನ ದನಗಳ ಮುಂದೆ ನಿಂತು ಅಭ್ಯಾಸ ಮಾಡಿದ. ಅಲ್ಲಿ ಕನ್ನಡದಲ್ಲಿ ಹೆಸರು ಕೇಳಿದರು, ಎಷ್ಟು ವರ್ಷದಿಂದ ಉಳುತ್ತಿದ್ದೀರಿ ಎಂದು ಬಹುವಚನದಲ್ಲಿ ಕೇಳಿದರು. ಅಷ್ಟಕ್ಕೇ ಅಪ್ಪನ ಗಂಟಲು ಕಟ್ಟಿತು, ಅಭ್ಯಾಸ ಮಾಡಿದ್ದೆಲ್ಲ ಮರೆತು ಎರಡೂ ಅಂಗೈ ಮುಂದೆ ಚಾಚಿದ. ಗದ್ದೆ ನಮ್ಮದಾಯಿತು.

ಅದೇ ದಿನ ಅದೇ ವರಾಂಡದಲ್ಲಿ ಪಕ್ಕದೂರಿನ ಕೆಂಪು ಸೀರೆಯ ವಿಧವೆಯೊಬ್ಬರು ಕೂತಿದ್ದರು. ಅವರದ್ದೆಂದು ಇದ್ದದ್ದು ಎರಡೇ ಎಕರೆ. ಉಳುವವರಿಲ್ಲದೆ ಗೇಣಿಗೆ ಕೊಟ್ಟಿದ್ದರು. ಅದೂ ಹೋಯಿತು. ಅವರು ಯಾರಿಗೂ ಕೊಳಗ ದೊಡ್ಡದು ಮಾಡಿದವರಲ್ಲ. ಸಂಜೆಯ ಬಸ್ಸಿನಲ್ಲಿ ಅಪ್ಪ ತನ್ನ ಸೀಟು ಬಿಟ್ಟು ಅವರನ್ನು ಕೂರಿಸಿದ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ. ಆ ಕಾನೂನು ಬೇಕಿತ್ತು ಎಂದು ಈಗಲೂ ಹೇಳುತ್ತೇನೆ. ಹೇಳುವಾಗಲೆಲ್ಲ ಆ ಹೆಂಗಸಿನ ಮಡಿಲಲ್ಲಿದ್ದ ಬಟ್ಟೆಗಂಟು ಕಣ್ಣೆದುರು ಬರುತ್ತದೆ.

ಈಗ ಆ ಗದ್ದೆಯಲ್ಲಿ ಭತ್ತವಿಲ್ಲ, ತಮ್ಮನ ಮಕ್ಕಳು ಅಡಿಕೆ ಹಾಕಿದ್ದಾರೆ. ಕಣದ ಜಾಗದಲ್ಲಿ ಜೀಪು ನಿಲ್ಲುತ್ತದೆ. ಮೊಮ್ಮಗ ವಿಧಾನಸಭೆಯ ಕಲಾಪವನ್ನು ಮೊಬೈಲಿನಲ್ಲಿ ನೋಡುತ್ತಾನೆ. ಸದಸ್ಯರು ಆಡುವುದು ಕನ್ನಡವನ್ನೇ. ಅದು ಒಂದು ಕಾಲಕ್ಕೆ ಕೇಳಿ ಪಡೆಯಬೇಕಾದದ್ದು ಎಂದರೆ ಅವನಿಗೆ ಅಚ್ಚರಿ.

ಹೋದ ಸಂಕ್ರಾಂತಿಗೆ ಅವನು ನನ್ನನ್ನು ಹಳೆಯ ಧಣಿಗಳ ಮನೆಗೆ ಕರೆದುಕೊಂಡು ಹೋದ. ಅದು ಈಗ ಹೋಂಸ್ಟೇ. ನಡೆಸುವ ಹುಡುಗ ಅವನ ಸಹಪಾಠಿ, ಒಳ್ಳೆಯ ಹುಡುಗ. ನನಗೆ ಕುರ್ಚಿ ಹಾಕಿ, ಬೆಲ್ಲ ನೀರು ಕೊಟ್ಟ. ನಾವು ಅಂಗಳದಲ್ಲೇ ನಿಲ್ಲುತ್ತಿದ್ದ ಮನೆಯ ಚಾವಡಿಯಲ್ಲಿ ಹೀಗೆ ಕೂತದ್ದು ಅದೇ ಮೊದಲು. ಮುಂಡಿಗೆಯ ಪಕ್ಕದ ಮೇಜಿನ ಮೇಲೆ ಒನಕೆ, ಲಾಂದ್ರ, ಕಡೆಗೋಲು ಜೋಡಿಸಿಟ್ಟಿದ್ದರು. ನಡುವೆ ಕೊಳಗ. ಎಣ್ಣೆ ಹಚ್ಚಿ ಮಿರಿಮಿರಿ ಮಾಡಿ ಒಳಗೆ ಒಣಹೂ ನಿಲ್ಲಿಸಿದ್ದರು. ಇದರಲ್ಲಿ ಎಷ್ಟು ಹಿಡಿಯುತ್ತದೆ ಎಂದು ಮೊಮ್ಮಗ ಕೇಳಿದ. ಮೂರು ಸೇರು ಎಂದು ಆ ಮನೆಯ ಹುಡುಗ ಹೇಳಿದ. ಅವನ ಅಜ್ಜ ಅವನಿಗೆ ಹಾಗೆ ಹೇಳಿರಬೇಕು. ಮೇಜಿನ ತುದಿಯಲ್ಲಿ ಸರ್ಕಾರದ ಮುದ್ರೆ ಒತ್ತಿದ ಹಿತ್ತಾಳೆಯ ಸೇರೂ ಇತ್ತು. ಅಡುಗೆಮನೆಯಿಂದ ಅಕ್ಕಿ ತರಿಸಿದೆವು. ಹೂ ತೆಗೆದಿಟ್ಟು ನಾನೇ ಅಳೆದು ಸುರಿದೆ. ಲಾಭ, ಎರಡು, ಮೂರು. ಮೂವರೂ ಬಗ್ಗಿ ನೋಡಿದೆವು. ಅಕ್ಕಿಯಿಂದ ಅಂಚು ಎರಡು ಬೆರಳು ಮೇಲಿತ್ತು.