ಒಂದೇ ಕೈ, ಎರಡು ಕಾಲು!

ಸಿನಿಮಾದಲ್ಲಿ ಹೀರೋ ಇಂಟರ್‌ವಲ್‌ಗೆ ಮುಂಚೆ ಬೀಳುತ್ತಾನೆ. ನಾವು ಹೊರಗೆ ಹೋಗಿ ಕಡಲೆಕಾಯಿ ತಿಂದು ಬರುವಷ್ಟರಲ್ಲಿ ಎದ್ದಿರುತ್ತಾನೆ. ಶಿಳ್ಳೆ ಹೊಡೆಯುತ್ತೇವೆ. ನಿಜ ಜೀವನದಲ್ಲಿ ಹಾಗೆ ಎದ್ದವನೊಬ್ಬನ ಕಥೆ ಹೇಳ್ತೀನಿ ಗೆಳೆಯರೇ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು.

ಅವನು ರಿಕ್ ಅಲೆನ್. ಇಂಗ್ಲೆಂಡಿನ ಷೆಫೀಲ್ಡ್‌ನ 'ಡೆಫ್ ಲೆಪರ್ಡ್' ತಂಡದ ಡ್ರಮ್ಮರ್. ಹೆವಿ ಮೆಟಲ್ ಅಂದ್ರೆ ಗೊತ್ತಲ್ಲ, ಗಿಟಾರು ಗುಡುಗಬೇಕು, ಡ್ರಮ್ಮು ಎದೆಗೆ ಗುದ್ದಬೇಕು! 1978ರಲ್ಲಿ ಡ್ರಮ್ಮರ್ ಬೇಕೆಂಬ ಜಾಹೀರಾತು ಕಂಡು ಮಗನಿಗೆ ದಾರಿ ತೋರಿಸಿದವಳು ಅವನ ತಾಯಿ. ಹುಡುಗನಿಗೆ 15. ಸ್ಕೂಲಿಗೆ ಸಲಾಂ ಹೊಡೆದ. (ನಾನೂ ಪಿಯುಸಿಗೆ ಹಾಗೇ ಮಾಡಿದವನು. ಆದರೆ ನಮ್ಮಮ್ಮ ಪೊರಕೆ ತಗೊಂಡಿದ್ದಳು!) 1983ರಲ್ಲಿ 'ಪೈರೋಮೇನಿಯಾ' ಆಲ್ಬಮ್ ಅಮೆರಿಕದಲ್ಲಿ ಲಕ್ಷ ಲಕ್ಷ ಮಾರಾಟವಾಯಿತು. ದುಡ್ಡು, ಕಾರು, ಹೆಸರು ಎಲ್ಲ ಬಂತು.

1984ರ ಡಿಸೆಂಬರ್ 31. ಷೆಫೀಲ್ಡ್ ಹತ್ತಿರದ ರಸ್ತೆಯಲ್ಲಿ ಅವನ ಕಾರ್ವೆಟ್ ಕಾರು ಉರುಳಿತು. ಎಡಗೈ ಕಿತ್ತೇಹೋಯಿತು. ಡಾಕ್ಟರುಗಳು ಜೋಡಿಸಿದರು, ಆದರೆ ನಂಜೇರಿತು. ಮತ್ತೆ ಕತ್ತರಿಸಲೇಬೇಕಾಯಿತು. ವಯಸ್ಸು ಬರೀ 21. ಡ್ರಮ್ಮರನಿಗೆ ಕೈಯೇ ಇಲ್ಲ!

ತಂಡದವರು ಏನು ಮಾಡಿದರು? ಬೇರೆಯವನನ್ನು ಹುಡುಕಲಿಲ್ಲ. ಕಾದರು. ಆಸ್ಪತ್ರೆಯ ಮಂಚದಲ್ಲೇ ರಿಕ್ ಕಾಲಿನಿಂದ ತಾಳ ಕುಟ್ಟುತ್ತಿದ್ದ. ಎಡಗೈ ಹೊಡೆಯುತ್ತಿದ್ದ ಪೆಟ್ಟನ್ನು ಎಡಗಾಲಿಗೆ ಕಲಿಸಿದ. ಸಿಮನ್ಸ್ ಕಂಪನಿಯ ಎಲೆಕ್ಟ್ರಾನಿಕ್ ಡ್ರಮ್ ಬಂತು: ಕಾಲಲ್ಲಿ ಪೆಡಲ್ ಒತ್ತಿದರೆ ಸ್ನೇರ್ ಡ್ರಮ್ಮಿನ ಸದ್ದು!

1986ರಲ್ಲಿ ಐರ್ಲೆಂಡಿನಲ್ಲಿ ಸಣ್ಣ ಶೋಗಳು. ಆಸರೆಗೆಂದು ಪಕ್ಕದಲ್ಲಿ ಜೆಫ್ ರಿಚ್ ಎಂಬ ಇನ್ನೊಬ್ಬ ಡ್ರಮ್ಮರ್. ಒಂದು ರಾತ್ರಿ ರಿಚ್ ಬರುವುದು ತಡವಾಯಿತು. ರಿಕ್ ಒಬ್ಬನೇ ಬಾರಿಸಿದ. ಆಮೇಲೆ ಎರಡನೆಯವನ ಅಗತ್ಯವೇ ಬೀಳಲಿಲ್ಲ. ಅದೇ ಆಗಸ್ಟ್‌ನಲ್ಲಿ ಡಾನಿಂಗ್ಟನ್ ಮೈದಾನ. ಹಾಡುಗಾರ ಜೋ ಎಲಿಯಟ್ ಅವನ ಹೆಸರು ಕೂಗಿದಾಗ ಜನಸಾಗರ ಗರ್ಜಿಸಿತು, ರಿಕ್ ಕಣ್ಣಲ್ಲಿ ನೀರು. 1987ರ 'ಹಿಸ್ಟೀರಿಯಾ' ಪ್ರಪಂಚದಾದ್ಯಂತ ಎರಡು ಕೋಟಿಗೂ ಮೀರಿ ಮಾರಾಟವಾಯಿತು. 2019ರಲ್ಲಿ ತಂಡ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿತು.

ಇನ್ನು ನನ್ನ ತಪ್ಪು. ನಮ್ಮೂರಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಅನೌನ್ಸ್‌ಮೆಂಟು ನನ್ನದು, ರಿದಂ ಪ್ಯಾಡು ಗೆಳೆಯನದು. ಗಣೇಶನ ಹಬ್ಬಕ್ಕೆ ಮೂರು ವಾರ ಇದ್ದಾಗ ಸಾಮಿಲ್ಲಿನಲ್ಲಿ ಅವನ ಎಡಗೈಯ ಎರಡು ಬೆರಳು ಹೋದವು. "ಪಕ್ಕದೂರಿನ ಹುಡುಗನ್ನ ಕರೆಸೋಣ" ಅಂದವನು ನಾನೇ. ಕಾರ್ಯಕ್ರಮದ ದಿನ ಗೆಳೆಯ ಕೈಗೆ ಬಟ್ಟೆ ಸುತ್ತಿಕೊಂಡು ಪೆಂಡಾಲಿನ ಹಿಂದೆ ನಿಂತಿದ್ದ. ಮೈಕಿನಲ್ಲಿ ಹೊಸಬನಿಗೆ ಚಪ್ಪಾಳೆ ಕೇಳಿದೆ ನಾನು! ಮೂರನೇ ಹಾಡಿಗೆ ನೋಡಿದರೆ ಅವನಿರಲಿಲ್ಲ.

ರಿಕ್ ಕಥೆ ಓದಿದ ಮೇಲೆ ನನಗೆ ತಡೆಯಲಾಗಲಿಲ್ಲ. ಹೋದ ತಿಂಗಳು ಅವನ ಮನೆಗೆ ಹೋದೆ. "ಈ ಸಲ ಹಬ್ಬಕ್ಕೆ ಬಾರಿಸ್ತೀಯೇನೋ?" ಅಂದೆ.

"ಏಳು ವರ್ಷ ಆಯ್ತು. ಈಗ ನೆನಪಾಯ್ತಾ?" ಅಂದ.

ನಾನು ತಲೆ ತಗ್ಗಿಸಿದೆ. ಆದರೂ ಟೀ ಕೊಟ್ಟ. ರಿಕ್ ಕಥೆ ಹೇಳಿದೆ. ಸುಮ್ಮನೆ ಕೇಳಿದ. ಹೊರಡುವಾಗ ಬಾಗಿಲ ತನಕ ಬಂದು, "ಆ ಕಾಲಲ್ಲಿ ಒತ್ತೋ ಪೆಡಲ್ಲು ಎಷ್ಟಾಗುತ್ತೋ?" ಅಂದ.

ಈಗ ಅದರ ಬೆಲೆ ವಿಚಾರಿಸುತ್ತಾ ಇದ್ದೀನಿ. ಗೆಳೆಯರೇ, ಬಿದ್ದವನು ಎದ್ದರೆ ಶಿಳ್ಳೆ ಹೊಡೆಯೋದು ಸುಲಭ. ಏಳುವ ತನಕ ಕಾಯೋರು ಬೇಕು ಕಣ್ರೀ!