ಆರಿದ ಕಾಫಿ

ಮಂಡಿನೋವು ತೋರಿಸಲು ಬೆಂಗಳೂರಿಗೆ ಹೋದವಳಿಗೆ ಡಾಕ್ಟರು ಮಾತ್ರೆಗಿಂತ ಹೆಚ್ಚಾಗಿ ನಡಿಗೆ ಬರೆದುಕೊಟ್ಟರು. ದಿನಾ ಅರ್ಧ ಗಂಟೆ. ಮಗಳ ಮನೆ ಇರುವುದು ಇಂದಿರಾನಗರದಲ್ಲಿ. ಅಲ್ಲಿ ಅರ್ಧ ಗಂಟೆ ನಡೆಯಲು ಹೊರಟರೆ ಹತ್ತು ಹೆಜ್ಜೆಗೊಂದು ಕಾಫಿ ಅಂಗಡಿ ಕೈ ಹಿಡಿದು ಜಗ್ಗುತ್ತದೆ. ಐದು ನಿಮಿಷ ನಡೆದು ಇಪ್ಪತ್ತೈದು ನಿಮಿಷ ಕೂತು ಬಂದರೂ ಲೆಕ್ಕಕ್ಕೆ ಅರ್ಧ ಗಂಟೆಯೇ.

ನಾನು ಮೂಡಿಗೆರೆ ಕಡೆಯವಳು. ಹುಟ್ಟಿದ್ದು, ಮದುವೆಯಾಗಿದ್ದು, ಸೊಂಟ ಬಗ್ಗಿದ್ದು ಎಲ್ಲ ಕಾಫಿ ಗಿಡಗಳ ನಡುವೆಯೇ. ಆದರೆ ಒಳ್ಳೆ ಕಾಫಿ ಕುಡಿದವಳು ಎಂದು ಯಾರೂ ತಪ್ಪು ತಿಳಿಯಬಾರದು. ಒಳ್ಳೆಯದೆಲ್ಲ ಮಾರಾಟಕ್ಕೆ, ನೆಲಕ್ಕೆ ಬಿದ್ದ ಉದುರು, ಒಡಕು, ಕರಿಕಾಳು ಮನೆಗೆ. ಅದನ್ನೇ ಬಾಣಲೆಯಲ್ಲಿ ಕಪ್ಪಗೆ ಹುರಿದು, ಬೆಲ್ಲ ಹಾಕಿ ಕುದಿಸಿ, ನೆಂಟರಿಗೆ 'ನಮ್ಮ ತೋಟದ್ದೇ' ಎಂದು ಕೊಟ್ಟವರು ನಾವು. ಈ ಸಲವೂ ಅಂಥ ಪುಡಿ ಎರಡು ಕೇಜಿ ಹೊತ್ತು ಹೋಗಿದ್ದೆ. ಹೋದ ಸಲ ತಂದಿದ್ದು ಮಗಳ ಅಡುಗೆಮನೆಯಲ್ಲಿ ಗಂಟು ಬಿಚ್ಚದೆ ಕೂತಿತ್ತು. ಹೊಸ ಪೊಟ್ಟಣವನ್ನು ಅದರ ಪಕ್ಕದಲ್ಲೇ ಇಟ್ಟೆ. ಎರಡೂ ಮಾತಾಡಿಕೊಂಡಿರಲಿ.

ಮೊದಲನೇ ದಿನ ಹೊಕ್ಕ ಅಂಗಡಿಯಲ್ಲಿ ಗೋಡೆಗೆ ಸುಣ್ಣವೇ ಇರಲಿಲ್ಲ. ಪಾಪ, ಕಟ್ಟುವಾಗ ದುಡ್ಡು ಸಾಲಲಿಲ್ಲವೇನೋ ಎಂದುಕೊಂಡೆ. ಬೆಲೆಪಟ್ಟಿ ನೋಡಿದ ಮೇಲೆ ಆ ಕನಿಕರ ಹೋಯಿತು. ಪಟ್ಟಿಯ ಕೆಳಗೆ ಇನ್ನೊಂದು ಹಲಗೆ: ಮೂಡಿಗೆರೆ, ಸೆಲೆಕ್ಷನ್ 795 ತಳಿ, ನ್ಯಾಚುರಲ್. ಅದರ ಕೆಳಗೆ 'ನೋಟ್ಸ್' ಅಂತ ಬರೆದು ಕಿತ್ತಳೆ ಸಿಪ್ಪೆ, ಬೆಲ್ಲ, ಹಲಸಿನ ಹಣ್ಣು. ನಮ್ಮಲ್ಲಿ ಕಾಫಿಯ ನೋಟು ಅಂದರೆ ಸಾಹುಕಾರರು ಎಂಜಲು ಹಚ್ಚಿ ಎಣಿಸಿ ಕೊಡುತ್ತಿದ್ದದ್ದು. ಅದರಲ್ಲಿ ಹಲಸಿನ ವಾಸನೆ ಬಂದ ನೆನಪಿಲ್ಲ.

ಹಲಸು ಅಂದಾಗ ನಮ್ಮವರ ನೆನಪು ಬಂತು. ಒಂದು ವರ್ಷ ಧಾರಣೆ ಏರೀತು ಎಂದು ಕಾದು, ಮೂಟೆಗಳನ್ನು ಮಳೆಗಾಲದ ತನಕ ಕೋಣೆಯಲ್ಲೇ ಇಟ್ಟಿದ್ದರು. ಪಕ್ಕದಲ್ಲಿ ನಾನು ಹಲಸಿನ ಹಣ್ಣು ಪೇರಿಸಿದ್ದೆ. ಕಾಫಿ ಕಾಳಿಗೆ ಊರ ವಾಸನೆಯೆಲ್ಲ ಬೇಕು. ಪಕ್ಕದಲ್ಲಿ ಸೀಮೆಎಣ್ಣೆ ಇಟ್ಟರೆ ಸೀಮೆಎಣ್ಣೆ, ಒಣಮೀನು ಇಟ್ಟರೆ ಒಣಮೀನು. ಕೊಳ್ಳಲು ಬಂದವನು ಒಂದು ಹಿಡಿ ಮೂಸಿ, ಮುಖ ಕಿವುಚಿ, ಮೂಟೆಗೆ ಇಷ್ಟು ಅಂತ ಮುರಿದುಕೊಂಡ. ಆ ಸಿಟ್ಟಿಗೆ ಇವರು ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ಹಲಸಿನ ಕಡುಬನ್ನು ಮಾತ್ರ ಬಿಡಲಿಲ್ಲ. ಬದುಕಿದ್ದರೆ ಆ ಹಲಗೆಯ ಮುಂದೆ ನಿಲ್ಲಿಸಿ ತೋರಿಸುತ್ತಿದ್ದೆ: ನೋಡಿ, ಹಲಸಿಗೆ ದುಡ್ಡು ಮುರಿಯುವುದಲ್ಲ, ಸೇರಿಸುವುದು!

'ನ್ಯಾಚುರಲ್' ಏನೆಂದು ಕೇಳಿದರೆ ಇನ್ನೊಂದು ಅಚ್ಚರಿ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಹರಡಿ ಒಣಗಿಸುವುದು. ನಮ್ಮ ಬಾಯಲ್ಲಿ ಚೆರಿ! ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಪಾರ್ಚ್‌ಮೆಂಟ್ ಮಾಡಿದರೆ ಒಳ್ಳೆ ರೇಟು. ನೀರಿಲ್ಲದವರು, ಆಳಿಲ್ಲದವರು ಮಾಡುತ್ತಿದ್ದದ್ದು ಚೆರಿ. ಹೆಚ್ಚು ಹುಳಿ ಬಂದರೆ ಬೈಗುಳ. ಈಗ ಹಣ್ಣನ್ನು ಡ್ರಮ್ಮಿನಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟು ಬೇಕೆಂದೇ ಹುಳಿ ಬರಿಸುತ್ತಾರಂತೆ. ನನ್ನ ಮಾವನವರ ಕಾಲದಲ್ಲಿ ಬೆಳೆದದ್ದೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗಿ ಒಂದೇ ರಾಶಿಯಾಗುತ್ತಿತ್ತು. ದುಡ್ಡು ಕಂತು ಕಂತಾಗಿ ಯಾವತ್ತೋ ಬರುತ್ತಿತ್ತು. ಯಾರ ತೋಟದ್ದು ಯಾರ ಲೋಟಕ್ಕೆ ಹೋಯಿತೆಂದು ಕೇಳುವಂತೆಯೇ ಇರಲಿಲ್ಲ. 1990ರ ದಶಕದ ನಡುವೆ ಆ ಕಟ್ಟು ಬಿಚ್ಚಿತು. ಹೆಸರು ಅಂಗಡಿಯ ಹಲಗೆಯ ಮೇಲೆ ಬರಲು ಇಷ್ಟು ಕಾಲ ಹಿಡಿದಿದೆ, ಅದೂ ಊರಿನ ಹೆಸರು ಮಾತ್ರ.

ಕಾಫಿ ಮಾಡಿದ ಹುಡುಗ ಅಸ್ಸಾಮಿನವನು. ನಮ್ಮ ತೋಟದ ಲೈನ್ ಮನೆಗಳಲ್ಲೂ ಈಗ ಅಸ್ಸಾಮಿನವರಿದ್ದಾರೆ. ಹಣ್ಣು ಕೀಳುವವರೂ ಅವರೇ, ಬಟ್ಟಲಿಗೆ ಇಳಿಸುವವರೂ ಅವರೇ ಆದ ಮೇಲೆ ನಡುವೆ ನಾವು ಯಾರು? ಅವನು ಗಾಜಿನ ಹೂಜಿಯನ್ನು ತಕ್ಕಡಿಯ ಮೇಲಿಟ್ಟು, ಮೇಲೊಂದು ಕಾಗದದ ಶಂಕು ಕೂರಿಸಿ, ಗಡಿಯಾರ ನೋಡುತ್ತ ಸುತ್ತಲೂ ನೀರು ಹನಿಸಿದ, ದೇವರಿಗೆ ಅಭಿಷೇಕ ಮಾಡಿದ ಹಾಗೆ. ತಕ್ಕಡಿ ಕಂಡರೆ ಬೆಳೆಗಾರರಿಗೆ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ಬಗ್ಗಿ ಮುಳ್ಳು ನೋಡಲು ಹೋದರೆ ಮುಳ್ಳೇ ಇರಲಿಲ್ಲ.

"ಹಾಲು?" ಅಂದೆ.

"ಬೇಡ ಅಮ್ಮ, ಟೇಸ್ಟ್ ಹೋಗ್ತದೆ."

"ಸಕ್ಕರೆ?"

ಅವನು ಮಾತಾಡಲಿಲ್ಲ. ನಾನೇ ತಪ್ಪು ಮಾತಾಡಿದವಳ ಹಾಗೆ ತಲೆ ತಗ್ಗಿಸಿದೆ.

ಒಂದು ಗುಟುಕು ಕುಡಿದೆ. ಹುಳಿನೀರು. ಮುಖ ನೋಡಿ ಹುಡುಗನಿಗೆ ಗೊತ್ತಾಯಿತು. "ಸ್ವಲ್ಪ ಬಿಡಿ ಅಮ್ಮ. ತಣ್ಣಗಾದ ಮೇಲೆ ಗೊತ್ತಾಗ್ತದೆ" ಎಂದ.

ತಣ್ಣಗಾದ ಮೇಲೆ! ನಮ್ಮ ಮನೆಯಲ್ಲಿ ಆರಿದ ಕಾಫಿಗೆ ಒಂದೇ ಜಾಗ, ಬಾಳೆಬುಡ. ಮೂವತ್ತೆರಡು ವರ್ಷ ನಮ್ಮವರೊಂದಿಗೆ ನಾನು ಜಗಳವಾಡಿದ್ದು ಆಸ್ತಿಗಲ್ಲ, ಒಡವೆಗಲ್ಲ, ಇದಕ್ಕೆ. ಬಿಸಿಬಿಸಿ ತಂದಿಟ್ಟರೆ ಜಗಲಿಯ ಮೇಲೆ ಪೇಪರು ಹರಡಿಕೊಂಡು ಕೂತಿರುತ್ತಿದ್ದರು. ಮೊದಲ ಪುಟದಿಂದ ಕಾಳುಮೆಣಸಿನ ಧಾರಣೆಯ ತನಕ ಓದಿ ಮುಗಿಸಿ, ಆಮೇಲೆ ಲೋಟಕ್ಕೆ ಕೈ. ಕೆನೆ ಕಟ್ಟಿರುತ್ತಿತ್ತು. "ಬಿಸಿ ಮಾಡಿ ಕೊಡ್ಲಾ?" ಅಂದರೆ "ಹೀಗೇ ಚೆನ್ನಾಗಿದೆ ಮಾರಾಯ್ತಿ" ಅನ್ನುತ್ತಿದ್ದರು. ನನ್ನನ್ನು ಕೆಣಕಲು ಹೇಳುತ್ತಾರೆ ಎಂದೇ ತಿಳಿದಿದ್ದೆ.

ಬಟ್ಟಲು ಆರಲು ಬಿಟ್ಟು ಕೂತೆ. ಸುತ್ತ ಹುಡುಗ ಹುಡುಗಿಯರು ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಕೂತಿದ್ದರು. ಒಬ್ಬೊಬ್ಬರಿಗೂ ಒಂದು ಮೇಜು. ಬೈ ಟು ಕಾಫಿಯ ಊರಿದು ಎಂದು ಹೇಳಿದರೆ ನಂಬುವವರಿಲ್ಲ. ಹದಿನೈದು ನಿಮಿಷದ ಮೇಲೆ ಮತ್ತೆ ಬಾಯಿಗಿಟ್ಟೆ. ಸುಳ್ಳು ಹೇಳಬಾರದು, ಕಿತ್ತಳೆ ಸಿಕ್ಕಿತು. ಕೊನೆಯ ಗುಟುಕಿನಲ್ಲಿ, ನಾಲಿಗೆಯ ಬುಡದಲ್ಲಿ, ತೊಳೆ ಬಿಡಿಸಿದ ಕೈ ಮೂಸಿದ ಹಾಗೆ ಏನೋ ಒಂದು.

ಆಮೇಲಿನ ದಿನಗಳಲ್ಲಿ ಇನ್ನೂ ನಾಲ್ಕು ಕಡೆ ಹೋದೆ. ಒಂದರಲ್ಲಿ ಆಂಧ್ರದ ಅರಕು ಕಣಿವೆಯ ಕಾಫಿ. ಬಾಬಾಬುಡನ್ ಗಿರಿಯ ನೆರಳಿನವರಿಗೆ ತುಸು ಹೊಟ್ಟೆಕಿಚ್ಚಾಯಿತು. ಹೊರಡುವ ದಿನ ಮಗಳನ್ನು ಎಳೆದುಕೊಂಡು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋದೆ. 1965ರಿಂದಲೂ ಇರುವ ಜಾಗ. ಇಡ್ಲಿಗೆ ಚಟ್ನಿ ಮಾತ್ರ, ಸಾಂಬಾರಿಲ್ಲ. ಅಲ್ಲಿ ಯಾವ ಊರಿನ ಕಾಫಿ, ಯಾವ ಹಣ್ಣಿನ ರುಚಿ ಎಂದು ಕೇಳುವ ಮುಂಚೆ ಲೋಟ ಖಾಲಿಯಾಗಿತ್ತು, ನಾಲಿಗೆ ಸುಟ್ಟಿತ್ತು.

ಇಂದಿರಾನಗರದ ಆ ಅಂಗಡಿಯಿಂದ ಕಾಲು ಕೇಜಿ ಪೊಟ್ಟಣ ಕೊಂಡು ತಂದಿದ್ದೇನೆ. ಮೂಡಿಗೆರೆಯ ಕಾಫಿಯನ್ನು ಬೆಂಗಳೂರಿನಿಂದ ಮೂಡಿಗೆರೆಗೆ ಬಸ್ಸಿನಲ್ಲಿ ಹೊತ್ತು ತಂದವಳು ನಾನೊಬ್ಬಳೇ ಇರಬೇಕು. ಬೆಲೆ ಎಷ್ಟೆಂದು ಊರಲ್ಲಿ ಯಾರಿಗೂ ಹೇಳಿಲ್ಲ. ಮಾರನೇ ಬೆಳಿಗ್ಗೆ ಹಾಲಿಲ್ಲದೆ ಮಾಡಿ, ನಮ್ಮವರ ಲೋಟದಲ್ಲೇ ಹಾಕಿ, ಜಗಲಿಯ ಮೇಲಿಟ್ಟು, ಪೇಪರು ಪೂರ್ತಿ ಓದುವ ತನಕ ಮುಟ್ಟಲಿಲ್ಲ. ಧಾರಣೆ ಪುಟ ಮುಗಿಸಿ ಲೋಟ ಎತ್ತಿದೆ.

ಹಲಸು ಸಿಗಲಿಲ್ಲ. ಒಂದು ಇರುವೆ ಸಿಕ್ಕಿತು.