ಚಿಗವ್ವನ ಬ್ಯಾರಲ್, ಅಪ್ಪನ ಕಾಲುವೆ

ಪಿಯುಸಿ ಓದುವಾಗ ಹುಬ್ಬಳ್ಳಿಯ ಚಿಗವ್ವನ ಮನೆಯಲ್ಲಿದ್ದೆ. ನಳ ಬರುತ್ತಿದ್ದುದು ವಾರಕ್ಕೊಮ್ಮೆ, ಅದೂ ನಡುರಾತ್ರಿ. "ಏಳೋ ತಮ್ಮಾ, ನಳ ಬಂತು" ಎಂದು ಚಿಗವ್ವ ಎಬ್ಬಿಸಿದರೆ ಮೊದಲ ಕೆಲಸ, ಬ್ಯಾರಲ್‌ನಲ್ಲಿ ಉಳಿದ ನೀರನ್ನು ಗಟಾರಕ್ಕೆ ಚೆಲ್ಲುವುದು. ಹೊಸ ನೀರು ತುಂಬಬೇಕಲ್ಲ! ಓಣಿಯವರೆಲ್ಲ ಹಾಗೇ ಮಾಡುತ್ತಿದ್ದರು. ಕೆಲವರ ನಳಕ್ಕೆ ತೋಟಿಯೇ ಇರಲಿಲ್ಲ.

ಆ ನೀರು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದ್ದು. ಕರೆಂಟು ಸುಟ್ಟು ಎತ್ತಿ, ಶುದ್ಧ ಮಾಡಿ ತಂದದ್ದು. ನವಲಗುಂದ ಕಡೆಯ ನಮ್ಮ ಹೊಲಕ್ಕೂ ಅದೇ ಜಲಾಶಯದ ಕಾಲುವೆ. ನಮ್ಮದು ಕಾಲುವೆಯ ಕೊನೆ, ಹಾಗಾಗಿ ಗೋವಿನಜೋಳ ಬಾಡುತ್ತಿತ್ತು. ಗಟಾರಕ್ಕೆ ಚೆಲ್ಲುವಾಗ ನನಗೆ ಅದೇ ನೆನಪು.

2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ 24 ಗಂಟೆ ನೀರು ಬಿಟ್ಟರು. "ವಾರಕ್ಕೊಮ್ಮೆ ಸಾಲೂದಿಲ್ಲ, ದಿನಾ ಬಿಟ್ರ ಹೊಳಿ ಬತ್ತಿ ಹೋದೀತು" ಅಂದಳು ಚಿಗವ್ವ. ನನಗೂ ಹಾಗೇ ಅನಿಸಿತ್ತು. ಆದರೆ ಸೋರುವ ಹಳೇ ಪೈಪು ಕಿತ್ತು ಹೊಸದು ಹಾಕಿದ್ದರು, ಮನೆಮನೆಗೂ ಮೀಟರ್ ಕೂರಿಸಿದ್ದರು. ಬೇಕೆಂದಾಗ ನೀರು ಬಂದರೆ ತುಂಬಿಡುವುದು ಯಾಕೆ, ಚೆಲ್ಲುವುದು ಯಾಕೆ? ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಗಟಾರದ ಹೊಲಸು ಒಳಗೆ ನುಗ್ಗುವುದೂ ಕಡಿಮೆ. ಮೀಟರ್ ಬಿಲ್ಲಿನ ಭಯ ಬಡವರಿಗೆ ಇತ್ತು, ಅದು ಸುಳ್ಳು ಭಯವೂ ಅಲ್ಲ.

ಚಿಗವ್ವನ ವಾರ್ಡು ಆ ಪಟ್ಟಿಯಲ್ಲಿರಲಿಲ್ಲ. ವರ್ಷಗಟ್ಟಲೆ ಕಾದಳು.

ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅಪ್ಪ ಅಂದ: "ಚಲೋ ಆತು. ಅಲ್ಲಿ ಉಳಿದ ನೀರು ನಮ್ಮ ಕಾಲುವಿಗೆ ಯಾವಾಗ ಬರ್ತದ?"